ತೆಂಗಿನಕಾಯಿಯ ಬೆಲ್ಟು, ಕೂಸಿನ ಸೀಟು

ಹೈದರಾಬಾದಿನ ಕೂಕಟ್‌ಪಲ್ಲಿಯ ನಮ್ಮ ಮನೆಯಿಂದ ಕಾರು ಹೊರಟಿತು ಎಂದರೆ ದಾರಿಯಲ್ಲಿ ಎಲ್ಲಾದರೂ ಒಂದು ನಗೆಪಾಟಲು ಆಗಲೇಬೇಕು. ಆಗದ ದಿನ ಕಾರು ಕೆಟ್ಟು ಮನೆಯಲ್ಲೇ ನಿಂತಿರುತ್ತದೆ. ಮೂವತ್ತು ವರ್ಷದಿಂದ ಚಾಲಕರ ಪಕ್ಕದ ಸೀಟಿನಲ್ಲಿ ಕೂತು ಇದನ್ನೆಲ್ಲ ಅನುಭವಿಸಿದವಳು ನಾನು. ಆದರೆ ಈ ಸಲ ಒಂದೇ ತಿಂಗಳಲ್ಲಿ ಒಂದರ ಹಿಂದೊಂದು ನಡೆದುಹೋದವು. ಕಾರಣ ಒಂದು ಕೂಸು.

ಮಗಳು ಬಾಣಂತನಕ್ಕೆ ನಮ್ಮಲ್ಲಿಗೆ ಬಂದಿದ್ದಳು. ಐದು ತಿಂಗಳು ತುಂಬಿದ ಕೂಸನ್ನು ಕರೆದುಕೊಂಡು ಮಿಯಾಪುರದ ತನ್ನ ಮನೆಗೆ ಹೊರಡುವವಳಿದ್ದಳು. ದೂರವೇನಲ್ಲ, ಮೆಟ್ರೋ ಹತ್ತಿದರೆ ಬೆವರು ಆರುವುದರೊಳಗೆ ಇಳಿಯಬಹುದು. ಆದರೆ ಕೂಸು ಮೊದಲ ಸಲ ಅಪ್ಪನ ಮನೆಗೆ ಹೋಗುವುದು, ಕಾರಿನಲ್ಲೇ ಹೋಗಬೇಕು ಎಂದಾಯಿತು. ಜಗಳ ಶುರುವಾದದ್ದು ಅಲ್ಲಿಂದ. ಎಂಬತ್ತನಾಲ್ಕರ ನಮ್ಮ ಅತ್ತೆ, "ಕೂಸು ದೊಡ್ಡವರ ಉಡಿಯಾಗ ಕುಂತು ಹೋಗಬೇಕು" ಎಂದರು. ಮಗಳು, "ಕೂಸಿನ ಸೀಟಿನ್ಯಾಗ ಬೆಲ್ಟ್ ಕಟ್ಟಿ ಕೂಡಿಸಿದ್ರ ಹೋಗ್ತೀನಿ. ಇಲ್ಲಾಂದ್ರ ನನ್ನ ಮಗಳನ್ನ ಈ ಕಾರು ಹತ್ತಿಸಂಗಿಲ್ಲ. ಇವತ್ತೂ ಇಲ್ಲ, ಮುಂದೂ ಇಲ್ಲ" ಎಂದಳು.

ಮಗಳ ಎಡ ಹುಬ್ಬಿನ ಮೇಲೆ ಒಂದು ಗೆರೆಯಿದೆ. ಅವಳಿಗೆ ಎರಡು ವರ್ಷವಿದ್ದಾಗ ಮುಂದಿನ ಸೀಟಿನಲ್ಲಿ ನನ್ನ ಉಡಿಯಲ್ಲೇ ಕೂತಿದ್ದಳು. ಎಮ್ಮೆ ಅಡ್ಡ ಬಂತು, ಬ್ರೇಕ್ ಬಿತ್ತು, ಹುಬ್ಬಿಗೆ ನಾಲ್ಕು ಹೊಲಿಗೆ ಬಿದ್ದವು. ಎರಡೂ ಕೈಯಿಂದ ಗಟ್ಟಿಯಾಗಿ ಹಿಡಿದಿದ್ದೆ ಎಂದು ಇವತ್ತಿಗೂ ಪ್ರಮಾಣ ಮಾಡಿ ಹೇಳುತ್ತೇನೆ. ಹಿಡಿದದ್ದು ನಿಜ, ಅವಳು ಕೈಗೆ ನಿಲ್ಲಲಿಲ್ಲ ಅನ್ನುವುದೂ ನಿಜ. ಆ ಗೆರೆ ಕಂಡಾಗಲೆಲ್ಲ ನನಗೆ ನಾಚಿಕೆಯಾಗುತ್ತದೆ. ಹಾಗಾಗಿ ನಾನು ಮನಸ್ಸಿನಲ್ಲಿ ಮಗಳ ಪಕ್ಷ. ಬಾಯಿ ಬಿಟ್ಟು ಹೇಳುವ ಧೈರ್ಯ ಅತ್ತೆಯ ಎದುರಿಗೆ ಇನ್ನೂ ಬಂದಿಲ್ಲ.

೧. ದೂಡಿಸಿಕೊಂಡ ಮೈಲೇಜು

ನಮ್ಮ ಮನೆಯವರು ಕೇಂದ್ರ ಸರ್ಕಾರದ ರಕ್ಷಣಾ ಕಾರ್ಖಾನೆಯೊಂದರಲ್ಲಿ ಅಳತೆಯ ಉಪಕರಣಗಳನ್ನು ಪರೀಕ್ಷಿಸುವ ಕೆಲಸ ಮಾಡಿ ನಿವೃತ್ತರಾದವರು. ಈಗ ಕಾರ್ಖಾನೆ ಇಲ್ಲ, ಅಳೆಯುವ ಚಟ ಉಳಿದಿದೆ. ಕಾರಿನ ಪೆಟ್ರೋಲು ಅವರ ಪಾಲಿಗೆ ದೇವರ ತೀರ್ಥ, ಉದ್ಧರಣೆಯಲ್ಲಿ ಎಷ್ಟು ಬರುತ್ತದೋ ಅಷ್ಟೇ ಖರ್ಚಾಗಬೇಕು. ಆಕ್ಸಿಲರೇಟರ್ ಮೇಲೆ ಕಾಲಿಡುವುದು ಮಲಗಿದವರನ್ನು ದಾಟುವ ಹಾಗೆ. ಮುಂದೆ ಸಿಗ್ನಲ್ ಕೆಂಪಗಿದ್ದರೆ ಅರ್ಧ ಫರ್ಲಾಂಗ್ ಮೊದಲೇ ಕಾಲು ತೆಗೆದು, ಕಾರು ತಾನಾಗಿ ನಿಧಾನವಾಗಲಿ ಎಂದು ಕಾಯುತ್ತಾರೆ.

ಕೂಸಿನ ಪ್ರಯಾಣ ಗೊತ್ತಾದ ಮೇಲೆ ಇವರಿಗೆ ಹೊಸ ಹುರುಪು ಬಂತು. ಒಂದು ದಿನ ತಾಲೀಮಿಗೆಂದು ನನ್ನನ್ನು ಕಾರಿನಲ್ಲಿ ಕೂಡಿಸಿ, ತೊಡೆಯ ಮೇಲೆ ಒಂದು ತಂಬಿಗೆ ತುಂಬ ನೀರು ಇಟ್ಟರು. "ಒಂದು ಹನಿ ಚೆಲ್ಲಬಾರದು. ಚೆಲ್ಲಿತಂದ್ರ ಬ್ರೇಕ್ ಜೋರಾತು ಅಂತ ಅರ್ಥ."

"ಚೆಲ್ಲೋದು ನನ್ನ ಸೀರಿ ಮ್ಯಾಲಲ್ರಿ?"

"ಅದಕ್ಕ ನಿನ್ನ ಕರಕೊಂಡು ಬಂದೀನಿ. ಚೆಲ್ಲಿದ್ರ ನೀ ಸುಮ್ನಿರಾಕಿ ಅಲ್ಲ."

ತಂಬಿಗೆ ಸಮೇತ ಮುಖ್ಯ ರಸ್ತೆಯ ಸಿಗ್ನಲ್‌ಗೆ ಬಂದೆವು. ಕೆಂಪು ದೀಪ ತುಂಬ ಹೊತ್ತು ಇರುತ್ತದೆಂದು ಇವರು ಎಂಜಿನ್ ಬಂದ್ ಮಾಡಿದರು. ಹಸಿರು ಬಂದಾಗ ಕನ್ನಡಕ ಸರಿಮಾಡಿಕೊಂಡು, ಗೇರ್ ನೋಡಿ, ಕೀಲಿಗೆ ಕೈ ಹಾಕುವುದರೊಳಗೆ ಹಿಂದಿನ ಹಾರ್ನ್‌ಗಳು ಮುಗಿಲಿಗೇರಿದವು. ಹಿಂದಿನ ಆಟೋದಿಂದ ಇಬ್ಬರು ಗಟ್ಟಿಮುಟ್ಟಾದ ಹುಡುಗರು ಇಳಿದು ಬಂದರು. ನನ್ನ ತೊಡೆಯ ಮೇಲಿನ ನೀರು ನೋಡಿ, ರೇಡಿಯೇಟರ್ ಕಾದಿದೆ, ಪಾಪ ವಯಸ್ಸಾದವರು ಎಂದುಕೊಂಡರೋ ಏನೋ. "ಅಂಕುಲ್, ಮೀರು ಸ್ಟೀರಿಂಗ್ ಪಟ್ಟುಕೋಂಡಿ, ಮೇಮು ನೂಕ್ತಾಂ" ಎಂದು, ನೀವು ಸ್ಟೀರಿಂಗ್ ಹಿಡಿಯಿರಿ ನಾವು ದೂಡುತ್ತೇವೆ ಎಂಬಂತೆ ಕೈ ಮಾಡಿ, ಕಾರಿನ ಹಿಂದೆ ನಿಂತು ದೂಡತೊಡಗಿದರು.

ಕಾರು ಕೆಟ್ಟಿಲ್ಲಪ್ಪಾ ಎಂದು ಇವರು ಹೇಳುತ್ತಾರೆ ಎಂದು ನಾನು ಕಾದೆ. ಇವರು ನ್ಯೂಟ್ರಲ್‌ಗೆ ಹಾಕಿ, ಬೆನ್ನು ನೆಟ್ಟಗೆ ಮಾಡಿ, ಗಂಭೀರವಾಗಿ ಸ್ಟೀರಿಂಗ್ ಹಿಡಿದರು. ಚೌಕ ದಾಟಿ ರಸ್ತೆಯ ಅಂಚಿಗೆ ಬಂದ ಮೇಲೆ ಹುಡುಗರಿಗೆ ಕೈ ಮುಗಿದು ಕಳಿಸಿದರು. ನಾನು ತಲೆ ತಗ್ಗಿಸಿ ಕೂತಿದ್ದೆ. ಇವರು ತಂಬಿಗೆಯೊಳಗೆ ಇಣುಕಿ ಹೇಳಿದರು: "ಒಂದು ಹನಿ ಚೆಲ್ಲಿಲ್ಲ, ಒಂದು ಹನಿ ಸುಟ್ಟಿಲ್ಲ."

೨. ಕವರಿನ ಕೆಳಗಿನ ಕವರು

ಕೂಸಿನ ಸೀಟು ಮನೆಗೆ ಬಂತು. ಅದನ್ನು ಹಿಂದಿನ ಸೀಟಿನ ಬೆಲ್ಟಿನಿಂದ ಬಿಗಿಯಬೇಕು. ಮಗಳು ಕಾರಿನೊಳಗೆ ತಲೆ ಹಾಕಿ, "ಪಪ್ಪಾ, ಬೆಲ್ಟ್ ಐತಿ. ಅದನ್ನ ಸಿಗಿಸೋ ಬಕಲ್ ಎಲ್ಲಿ?" ಎಂದು ಕೇಳಿದಳು.

ಕಾರು ಬಂದು ಎಂಟು ವರ್ಷ. ಹಿಂದೆ ಬಕಲ್ ಇದೆ ಎನ್ನುವುದೇ ನಮಗೆ ಗೊತ್ತಿರಲಿಲ್ಲ.

ಹುಡುಕಾಟ ಶುರುವಾಯಿತು. ಮೇಲಿದ್ದದ್ದು ನಾನು ಬೇಗಂ ಬಜಾರಿನಿಂದ ತಂದು ಹಾಸಿದ ಹೂವಿನ ಚಾದರ, ಕೆಳಗಿನ ಕವರು ಮಾಸಬಾರದೆಂದು. ಅದರ ಕೆಳಗೆ ರೆಗ್ಜಿನ್ ಕವರು, ಸೀಟು ಮಾಸಬಾರದೆಂದು. ಅದನ್ನು ಕತ್ತರಿಸಿ ಎಬ್ಬಿಸಿದರೆ ಕಂಪನಿಯಿಂದ ಬಂದ ಪ್ಲಾಸ್ಟಿಕ್ ಹಾಳೆ ಹಾಗೇ ಇತ್ತು. ಅದು ಯಾಕೆ ಎಂದು ಯಾರಿಗೂ ಗೊತ್ತಿಲ್ಲ. ಸೀಟಿನ ನಿಜವಾದ ಬಣ್ಣ ಬೂದಿ ಎಂದು ಅವತ್ತು ತಿಳಿಯಿತು. ಮೂರೂ ಪದರದ ತಳದಲ್ಲಿ, ಚೀಟಿ ಕೂಡ ಕೀಳದ ಹೊಚ್ಚ ಹೊಸ ಬಕಲ್‌ಗಳು, ಅಂಗೈ ಗಾತ್ರದವು, ಮೂತಿ ಮೇಲೆ ಮಾಡಿ ಕೂತಿದ್ದವು.

ಅತ್ತೆ ಕೋಲು ಊರಿಕೊಂಡು ಹತ್ತಿರ ಬಂದರು. ಬಗ್ಗಿ ಬಕಲ್ ಮುಟ್ಟಿ ನೋಡಿದರು. ಅದು ಇದ್ದ ಜಾಗ ನೋಡಿದರು. ಆಮೇಲೆ ಮಗನ ಕಡೆ ತಿರುಗಿದರು.

"ಎಂಟು ವರ್ಷದಿಂದ ನಾ ಕೂಡೋ ಜಾಗಾ ಇದು. ಸೊಂಟ ನೋಯತೈತಿ ಅಂದ್ರ ಹೈದರಾಬಾದಿನ ಡಾಕ್ಟರಗೋಳಿಗೆಲ್ಲ ತೋರಿಸಿದಿ. ಒಮ್ಮಿ ಈ ಸೀಟು ಬಿಚ್ಚಿ ನೋಡಿದ್ರ ಆಗ್ತಿತ್ತಲ್ಲೋ."

೩. ಬೆಲ್ಟು ಕಟ್ಟಿಕೊಂಡ ಉಡಿ

ಅದೇ ವಾರ ಬಳಗದವರ ಮನೆಯಲ್ಲಿ ಬಸುರಿಗೆ ಮಾಡುವ ಕುಬಸದ ಊಟ. ನಾವಿಬ್ಬರೇ ಹೋಗಿದ್ದೆವು. ಹೊರಡುವಾಗ ಮನೆಯ ಹಿರಿಯರು ನನಗೆ ಉಡಿ ತುಂಬಿದರು. ಅಕ್ಕಿ, ಎರಡು ತೆಂಗಿನಕಾಯಿ, ರವಿಕೆ ಬಟ್ಟೆಯ ಕಣ, ಎಲೆ ಅಡಿಕೆ, ಎಲ್ಲ ಧಾರಾಳವಾಗಿ. ಉಡಿಯ ಅಕ್ಕಿಯನ್ನು ಮನೆಯ ದೇವರ ಮುಂದೆ ಇಡುವವರೆಗೆ ನೆಲಕ್ಕೆ ತಾಗಿಸುವಂತಿಲ್ಲ. ಸೆರಗಿನಿಂದ ಚೀಲಕ್ಕೆ ತುಂಬಿ, ಮುಂದಿನ ಸೀಟಿನ ಮೇಲೆ ಭಕ್ತಿಯಿಂದ ಕೂಡಿಸಿದೆ. ನಾನು ಹಿಂದೆ ಹೋಗಿ ಕಾಲು ಚಾಚಿ ಕೂತೆ. ಮೂವತ್ತು ವರ್ಷದಲ್ಲಿ ಮೊದಲ ಸಲ.

ಕಾರು ಹೊರಟ ಕೂಡಲೇ ಟಿಂವ್ ಟಿಂವ್ ಎಂದು ಕೂಗತೊಡಗಿತು. ಮುಂದಿನ ಸೀಟಿನ ಮೇಲೆ ಭಾರ ಬಿದ್ದು ಬೆಲ್ಟ್ ಹಾಕದಿದ್ದರೆ ಅದು ಕೂಗುವ ಪದ್ಧತಿ. ಉಡಿಯನ್ನು ಎತ್ತಿ ಕೆಳಗಿಡುವಂತಿಲ್ಲ. ಇವರು ಕಾರು ನಿಲ್ಲಿಸಿ, ಬೆಲ್ಟ್ ಎಳೆದು, ಎರಡೂ ತೆಂಗಿನಕಾಯಿಯ ಮೇಲೆ ಹಾಯಿಸಿ, ಬಕಲ್ ಸಿಗಿಸಿ, ಸಡಿಲ ಇದೆಯೇ ಎಂದು ಬೆರಳಿಂದ ಎಳೆದು ನೋಡಿದರು. ಸದ್ದು ನಿಂತಿತು.

ಮುಂದಿನ ಚೌಕದಲ್ಲಿ ಟ್ರಾಫಿಕ್ ಪೊಲೀಸರು ಕೈ ಅಡ್ಡ ಮಾಡಿದರು. ಕಿಟಕಿಯಲ್ಲಿ ಬಗ್ಗಿ ಮುಂದಿನ ಸೀಟು ನೋಡಿದರು. ಹಿಂದೆ ನನ್ನ ಕಡೆ ನೋಡಿದರು. ಮೊನ್ನೆ ಮೂರು ಪದರ ಹರಿದು ಹೊರಗೆ ತೆಗೆದ ಬಕಲ್ ನನ್ನ ಪಕ್ಕದಲ್ಲೇ ಬಿದ್ದಿತ್ತು. ನಾನು ಅದನ್ನು ಹಾಕಿಕೊಂಡಿರಲಿಲ್ಲ.

"ಕೊಬ್ಬರಿಕಾಯಕಿ ಬೆಲ್ಟ್ ಪೆಟ್ಟಾರು, ಅಮ್ಮಗಾರಿಕಿ ಪೆಟ್ಟಲೇದೇಂ ಸಾರ್?" ಕಾಯಿಗೆ ಬೆಲ್ಟ್ ಹಾಕಿ ಹೆಂಡತಿಗೆ ಯಾಕೆ ಹಾಕಿಲ್ಲ ಎಂಬ ಪ್ರಶ್ನೆ.

ಮನೆಯವರು ಸುಳ್ಳು ಹೇಳುವವರಲ್ಲ. ತೆಂಗಿನಕಾಯಿಗೆ ಬೆಲ್ಟ್ ಹಾಕದಿದ್ದರೆ ಕಾರು ಕೂಗುತ್ತದೆ, ಹೆಂಡತಿಗೆ ಹಾಕದಿದ್ದರೆ ಏನೂ ಕೂಗುವುದಿಲ್ಲ ಎಂದು ತೆಲುಗಿನಲ್ಲಿ ವಿವರವಾಗಿ ತಿಳಿಸಿದರು. ಪೊಲೀಸರು ನಗಲಿಲ್ಲ. ನಾನು ಬೆಲ್ಟ್ ಹಾಕಿಕೊಳ್ಳುವವರೆಗೆ ನಿಂತು ನೋಡಿ, ನನಗೇ ಬುದ್ಧಿ ಹೇಳಿ ಕಳಿಸಿದರು: ಅಮ್ಮಾ, ಇನ್ನು ಮೇಲೆ ನೀವೂ ಕೂಗಿ.

೪. ಕೂಸಿನ ಮುಖ ಎತ್ತ?

ಹೊರಡುವ ಭಾನುವಾರ ಬಂತು. ನಾಲ್ಕೂವರೆಗೆ ರಾಹುಕಾಲ, ಅದರೊಳಗೆ ಮನೆ ಬಿಡಬೇಕು. ಮಿಯಾಪುರದಲ್ಲಿ ಅಳಿಯ ಆರತಿ ತಟ್ಟೆ ಸಿದ್ಧಮಾಡಿಕೊಂಡು ಕಾಯುತ್ತಿದ್ದ. ಅತ್ತೆ ಇನ್ನೂ ಒಪ್ಪಿರಲಿಲ್ಲ.

"ಐದು ತಿಂಗಳ ಕೂಸಿನ್ನ ಕಟ್ಟಿ ಹಾಕೋದು ಯಾವ ನ್ಯಾಯ?" ಎಂದರು.

ಮಗಳು ವಾದ ಮಾಡಲಿಲ್ಲ. ಅಜ್ಜಿಯ ಮುಂದೆ ಮಂಡಿಯೂರಿ ಕೂತು, ಅವರ ಬೆರಳು ಹಿಡಿದು ತನ್ನ ಹುಬ್ಬಿನ ಗೆರೆಯ ಮೇಲೆ ಇಟ್ಟಳು. "ಅವತ್ತು ಅವ್ವನ ಉಡಿಯಾಗ ಇದ್ದೆ, ಅಜ್ಜಿ."

ನನಗೆ ಕಣ್ಣು ತುಂಬಿ ಬಂತು. ಮೂವತ್ತು ವರ್ಷ ಆಡದ ಮಾತು ಆಗ ಬಾಯಿಗೆ ಬಂತು. "ಕೈಲೆ ಹಿಡದ್ರ ನಿಲ್ಲಂಗಿಲ್ರಿ ಅತ್ತಿ. ನಾ ಹಿಡದಿದ್ದೆ. ಭಾಳ ಗಟ್ಟಿ ಹಿಡದಿದ್ದೆ."

ಅತ್ತೆ ಆ ಗೆರೆಯನ್ನು ಬೆರಳಿನಿಂದ ಸವರಿದರು. "ತೊಟ್ಟಿಲದಾಗೂ ಬೀಳಬಾರದಂತ ಅರಿವಿ ಕಟ್ಟತೀವಿ. ಇದೂ ಹಂಗ ಅಂತ ತಿಳಕೋತೀನಿ. ಕಟ್ಟರಿ" ಎಂದರು.

ತಮ್ಮ ಕೈಯಾರೆ ಹೊಲಿದ, ಕೂಸಿಗೆ ತಲೆಯಿಂದ ಕಾಲಿನವರೆಗೆ ಹೊದಿಸುವ ದಪ್ಪ ಕುಂಚಿಗೆ ತಂದರು. ಅದನ್ನು ತೊಡಿಸಿ ಸೀಟಿನ ಪಟ್ಟಿ ಕಟ್ಟಿದರೆ ಪಟ್ಟಿ ಸಡಿಲಾಗುತ್ತದೆ, ಮೊದಲು ಪಟ್ಟಿ, ಅದರ ಮೇಲೆ ಕುಂಚಿಗೆ ಎಂದು ಮಗಳು ಹೇಳಿದಳು. ಅದಕ್ಕೂ ಒಪ್ಪಿದರು. ಕೂಸನ್ನು ಸೀಟಿನಲ್ಲಿಟ್ಟು ಪಟ್ಟಿ ಬಿಗಿದು, ಕತ್ತಿನ ತನಕ ಕುಂಚಿಗೆ ಹೊದಿಸಿ, ಸೀಟು ಸಮೇತ ಕಾರಿಗೆ ತಂದು ಬೆಲ್ಟಿನಿಂದ ಕಟ್ಟಿದೆವು. ಎಲ್ಲ ಮುಗಿಯಿತು ಎನ್ನುವಾಗ ಅತ್ತೆ ಕಿಟಕಿಯಲ್ಲಿ ಇಣುಕಿದರು.

"ಕೂಸಿನ ಮುಖ ಯಾಕ ಹಿಂದ ಐತಿ?"

"ಇಷ್ಟು ಸಣ್ಣ ಕೂಸಿಗೆ ಹಂಗ ಇರಬೇಕು, ಅಜ್ಜಿ. ಬ್ರೇಕ್ ಬಿದ್ರ ಕುತ್ತಿಗಿಗೆ ಪೆಟ್ಟಾಗಂಗಿಲ್ಲ."

"ಹೊಂಟ ಕೂಸು ದಾರಿ ತುಂಬ ಮನಿ ಕಡೆ ಹೊಳ್ಳಿ ನೋಡಕೋತ ಹೋಗಬೇಕೇನು? ಹೊರಗ ಹೊಂಟಾಗ ಹೊಳ್ಳಿ ನೋಡಬಾರದು. ಇದೊಂದು ನಾ ಒಪ್ಪಂಗಿಲ್ಲ." ಅಷ್ಟು ಹೇಳಿ, ಕುರ್ಚಿ ತರಿಸಿ, ಕಾರಿನ ಮುಂದೆಯೇ ಹಾಕಿಸಿಕೊಂಡು ಕೂತರು.

ಗಂಟೆ ನಾಲ್ಕು ದಾಟಿತು. ಮಗಳು ಸೀಟು ತಿರುಗಿಸಲಾರಳು, ಅತ್ತೆ ಕುರ್ಚಿ ಬಿಡಲಾರರು. ಮನೆಯವರು ಮಾತ್ರ ಕಾರಿನ ಸುತ್ತ ಒಂದು ಸುತ್ತು ಬಂದು, ಬೆರಳಿನಿಂದ ಗಾಳಿಯಲ್ಲಿ ಏನೋ ಗೀಚಿದರು. ಕಾರ್ಖಾನೆಯಲ್ಲಿ ಹೀಗೆಯೇ ಲೆಕ್ಕ ಮಾಡುತ್ತಿದ್ದರಂತೆ.

"ಅವ್ವಾ, ಕುರ್ಚಿ ಸರಸು. ಕಾರು ಹಿಂದಕ್ಕ ಹ್ವಾದ್ರ ಕೂಸಿನ ಮುಖ ಎತ್ತ ಇರತೈತಿ?"

ಅತ್ತೆ ಯೋಚಿಸುತ್ತಲೇ ಕುರ್ಚಿಯಿಂದ ಎದ್ದರು. "ಹೊಂಟ ಕಡೆ."

ಇವರು ಕಾರನ್ನು ತಿರುಗಿಸಿ, ಮೂತಿ ಮನೆಗೆ, ಬೆನ್ನು ಓಣಿಗೆ ಮಾಡಿ ನಿಲ್ಲಿಸಿದರು. ನಾಲ್ಕೂ ಇಪ್ಪತ್ತಕ್ಕೆ ಮಿಯಾಪುರದ ಪ್ರಯಾಣ ರಿವರ್ಸ್ ಗೇರ್‌ನಲ್ಲಿ ಆರಂಭವಾಯಿತು. ನಮ್ಮ ಓಣಿ ನೂರು ಹೆಜ್ಜೆ ಇದ್ದೀತು. ವಾಚ್‌ಮನ್ ಹಿಂದೆ ದಾರಿ ಬಿಡಿಸುತ್ತ, "ಸಾರ್, ಮುಂದು ಗೇರ್ ಪೋಯಿಂದಾ?" ಎಂದು, ಮುಂದಿನ ಗೇರು ಕೆಟ್ಟಿತೆಂದೇ ತಿಳಿದು, ನಾಲ್ಕು ಸಲ ಕೇಳಿದ. ಕೂಸು ಮನೆಗೆ ಬೆನ್ನು ಹಾಕಿ ಶಾಸ್ತ್ರೋಕ್ತವಾಗಿ ಹೊರಟಿತ್ತು. ಮನೆಯವರು ಹೆಗಲ ಮೇಲಿಂದ ಹಿಂದೆ ನೋಡುತ್ತಿದ್ದರು. ಮಗಳು, ನಾನು ಮಾತ್ರ ಮನೆಯನ್ನೇ ನೋಡುತ್ತ ಹೋಗುತ್ತಿದ್ದೆವು. ಅದು ಅತ್ತೆಗೆ ಗೇಟಿನಲ್ಲಿ ನಿಂತ ಮೇಲೆ ಹೊಳೆಯಿತು.

"ನೀವೆಲ್ಲ ಕಣ್ಣು ಮುಚ್ಚರಿ" ಎಂದು ಕೂಗಿದರು. "ಲೇ ತಮ್ಮಾ, ನೀನೂ ಮುಚ್ಚು."

"ನಾ ಗಾಡಿ ಹೊಡಿಯಾಕತ್ತೀನವ್ವ" ಎಂದು ಇವರು ಕತ್ತು ತಿರುಗಿಸದೆ ಹೇಳಿದರು. ಮಗಳು, ನಾನು ಕಣ್ಣು ಮುಚ್ಚಿಕೊಂಡೆವು.

ಓಣಿಯ ತುದಿಯಲ್ಲಿ ಕಾರು ನಿಂತಿತು. ಕಣ್ಣು ಬಿಟ್ಟ ಮಗಳು ಪಟ್ಟಿ ಬಿಗಿಯಾಗಿದೆಯೇ ನೋಡಲು ಕುಂಚಿಗೆ ಸರಿಸಿದಳು. ಅಷ್ಟರಲ್ಲಿ ಅತ್ತೆಯ ಫೋನು.

"ಕೂಸು ಹೊಳ್ಳಿ ನೋಡಿತೇನು?"

"ಇಲ್ಲ ಅಜ್ಜಿ. ನಿದ್ದಿ ಹತ್ತೈತಿ."

"ಯಾವಾಗಿಂದ?"

"ಮನ್ಯಾಗ ಪಟ್ಟಿ ಕಟ್ಟಿದಾಗಿಂದ."

ಅತ್ತೆಯ ಧ್ವನಿ ಮೆತ್ತಗಾಯಿತು. "ಹಂಗಾದ್ರ ಕೂಸಿಗೆ ಹೋಗೋದು ಗೊತ್ತಾಗಿಲ್ಲ. ಹೇಳದ ಕಳಿಸಿದಂಗ ಆತು. ಎದ್ದ ಮ್ಯಾಲ ನನ್ನ ಮುಖ ನೋಡಿ ಹೋಗಲಿ. ಹೊಳ್ಳಿ ಬರ್ರಿ."

ಮನೆಯವರು ಗಡಿಯಾರ ನೋಡಿದರು, ಕನ್ನಡಿಯಲ್ಲಿ ಮಗಳ ಮುಖ ನೋಡಿದರು. ಮಗಳು ಗಂಡನಿಗೆ ಫೋನ್ ಮಾಡಿ, ರಾಹುಕಾಲ ಮುಗಿದ ಮೇಲೆ ಬರುತ್ತೇವೆ ಎಂದಳು. ಇವರು ಫಸ್ಟ್ ಗೇರ್ ಹಾಕಿದರು. ತಿರುಗಿಸುವ ತೊಂದರೆಯೇನೂ ಇರಲಿಲ್ಲ, ಕಾರಿನ ಮೂತಿ ಮನೆಯ ಕಡೆಗೇ ಇತ್ತು.