ಕಾಣದ ಔಷಧಿಯವರ ಮನೆ ನೋಡಿ ಬಂದದ್ದು

ನಿಜವಾಗಿ ನಡೆದದ್ದು ಇಷ್ಟೇ: ಔಷಧಿ ಕಂಪನಿಯ ದೊಡ್ಡವರು ತಮ್ಮ ಊರು ಯಾವುದೆಂದು ಬರೆದುಕೊಂಡಿರಲಿಲ್ಲ, ನಾನು ಹೋಗಿ ಕೇಳಿದೆ. ಮಿಕ್ಕದ್ದೆಲ್ಲ ನನ್ನ ಸೊಸೆ ಸೇರಿಸಿ ಹೇಳಿದ್ದು. ನಮ್ಮೂರು ಕೂಟಗಲ್ಲಿನಲ್ಲಿ ನನ್ನನ್ನು ಜಗಳಗಂಟಿ ಅನ್ನುತ್ತಾರೆ. ಬಾಯಿಬಿಟ್ಟು ಕೇಳುವವರಿಗೆಲ್ಲ ಅದೇ ಹೆಸರು.

ಮೊಮ್ಮಗಳು ರಮ್ಯಾಗೆ ಬಿಡದಿಯ ನ್ಯಾನೋ ಔಷಧಿ ಕಂಪನಿಯಲ್ಲಿ ಕೆಲಸ ಸಿಕ್ಕಿತು. ನ್ಯಾನೋ ಅಂದರೇನೆಂದು ಕೇಳಿದೆ. "ಕೂದ್ಲನ್ನ ಸೀಳಿ ಸೀಳಿ ಹಾಕುದ್ರೂ ಅದಕ್ಕಿಂತ ಸಣ್ದು ಕಣಜ್ಜಿ. ಔಷ್ದಿ ಸೀದಾ ನೋವಿರೋ ಜಾಗಕ್ಕೇ ಹೋಯ್ತದೆ," ಅಂದಳು. ನಾನು ಮಂಡಿಗೆ ಹಚ್ಚುವ ಎಣ್ಣೆ ಸೀರೆಗೂ ಹಾಸಿಗೆಗೂ ಹೋಗುತ್ತದೆ, ಮಂಡಿಗೊಂದು ಹೋಗುವುದಿಲ್ಲ. ಆದ್ದರಿಂದ ಔಷಧಿಯ ಮೇಲೆ ನನಗೆ ತಕರಾರಿರಲಿಲ್ಲ. ಆದರೆ ಕಣ್ಣಿಗೆ ಕಾಣದ್ದನ್ನು ಮಾರುವವರ ಮುಖವನ್ನಾದರೂ ಕಣ್ಣಾರೆ ನೋಡಬೇಡವೇ?

ಮುಖಗಳು ಫೋನಿನಲ್ಲಿದ್ದವು. ಕಂಪನಿ ನಡೆಸುವವರ ಹಿನ್ನೆಲೆ ಅಂತ ಒಂದು ಪುಟ. ಎಲ್ಲರೂ ಕೈಕಟ್ಟಿ ನಿಂತು, ದಂಡ ಹಾಕಿ ಮುಗಿಸಿದ ಪಂಚಾಯಿತಿಯವರ ಹಾಗೆ ನಗುತ್ತಿದ್ದರು. ರಮ್ಯಾ ಓದಿದಳು. ಒಬ್ಬ ಯಾವುದೋ ಕಂಪನಿಯಲ್ಲಿದ್ದ, ಇನ್ನೊಂದಕ್ಕೆ ಬಂದ, ಅದನ್ನೂ ಬಿಟ್ಟ. ಪಕ್ಕದ ಹೆಂಗಸೂ ಹಾಗೆಯೇ. ಯಾವೂರು, ಯಾರ ಮಕ್ಕಳು, ಮನೆಯಲ್ಲಿ ಹೇಗೆ, ಒಂದಕ್ಷರವಿಲ್ಲ.

"ಒಂದ್ ಮನೇಲೂ ನಿಲ್ದೆ ಇರೋರು. ಇಂಥ ಕಡೆಗೆ ಹೆಣ್ ಕೊಡ್ತಾರೇನೆ?" ಅಂದೆ.

"ಮದ್ವೆ ಅಲ್ಲಜ್ಜಿ, ಕೆಲ್ಸ."

"ಬೆಳಿಗ್ಗೆ ಹೋದ್ರೆ ಸಂಜೆಗಂಟ ಅವ್ರತ್ರನೇ ಇರ್ತೀಯ. ಗಂಡ ಆದ್ರೆ ಹಗಲೊತ್ತು ಹೊಲಕ್ಕಾದ್ರೂ ಹೋಯ್ತಾನೆ."

ಹೆಣ್ಣು ಕೊಡುವ ಮುಂಚೆ ಗಂಡಿನ ಮನೆ ನೋಡಿ ಬರುವುದು ನಮ್ಮ ಪದ್ಧತಿ. ಕೊಟ್ಟಿಗೆಯಲ್ಲಿ ದನ ಹೇಗಿವೆ, ನೀರಿನ ಚೊಂಬು ಯಾರು ತರುತ್ತಾರೆ, ಅಷ್ಟರಲ್ಲೇ ತಿಳಿಯುತ್ತದೆ. ರಮ್ಯಾ ಕೆಲಸದ ಕಾಗದಕ್ಕೆ ಸಹಿ ಹಾಕಲು ಹೊರಟ ದಿನ ನಾನೂ ಬಾಳೆಹಣ್ಣು, ಎಲೆಅಡಿಕೆ ಚೀಲಕ್ಕೆ ಹಾಕಿಕೊಂಡು ಬಸ್ಸು ಹತ್ತಿದೆ. "ನನ್ ಕೆಲ್ಸ ಕಳೀಬ್ಯಾಡ ಅಜ್ಜಿ," ಅಂತ ಬಿಡದಿವರೆಗೂ ಬೇಡಿಕೊಂಡಳು. ಕಣ್ಣಲ್ಲಿ ನೀರಿತ್ತು. ನಾನು ಕಿಟಕಿ ಕಡೆ ತಿರುಗಿ ಕೂತೆ.

ಕಂಪನಿಯ ಯಜಮಾನ ಗಾಜಿನ ಕೋಣೆಯಲ್ಲಿದ್ದ. ಬೋಳುತಲೆ, ಫೋನಿನಲ್ಲಿದ್ದಷ್ಟು ನಗು ಇರಲಿಲ್ಲ. ಹಣ್ಣನ್ನು ಮೇಜಿನ ಮೇಲಿಟ್ಟು, "ಯಾವೂರಪ್ಪ ನಿಂದು?" ಅಂದೆ.

"ಅಮೆರಿಕದಲ್ಲಿದ್ದೆ, ಅಮ್ಮ."

"ಅದು ಇದ್ದಿದ್ದು. ಹುಟ್ಟಿದ್ದು?"

ಆತ ಕೈಯಲ್ಲಿದ್ದ ಪೆನ್ನು ಕೆಳಗಿಟ್ಟ. "ಗುಡೇಮಾರನಹಳ್ಳಿ. ಕೆರೆ ಏರಿ ಕೆಳಗಿನ ಮನೆ. ನಮ್ಮ ತಂದೆ ಚಿಕ್ಕಣ್ಣ."

"ನಮ್ಮಕ್ಕನ್ನ ನೋಡಕ್ಕೆ ಬಂದಿದ್ದ ಚಿಕ್ಕಣ್ಣನ ಮಗನಾ ನೀನು? ಉಪ್ಪಿಟ್ಟು ಮತ್ತೆ ಮತ್ತೆ ಹಾಕುಸ್ಕಂಡು ತಿಂದು, ಹೆಣ್ಣು ಕುಳ್ಳಿ ಅಂತ ಹೇಳಿ ಕಳುಸ್ದನಲ್ಲ."

ರಮ್ಯಾ ಗೋಡೆಗೆ ಒರಗಿಬಿಟ್ಟಳು. ಕೆಲಸ ಹೋಯಿತೆಂದೇ ತಿಳಿದಳು. ನಾನೂ ಹಾಗೇ ತಿಳಿದೆ. ಆದರೆ ಉಪ್ಪಿಟ್ಟಿನ ಮಾತನ್ನು ವಾಪಸು ತೆಗೆದುಕೊಳ್ಳುವ ಹಾಗಿರಲಿಲ್ಲ, ಆ ಉಪ್ಪಿಟ್ಟು ಮಾಡಿದವಳು ನಾನು.

ಆತ ನಿಧಾನಕ್ಕೆ ಒಂದು ಬಾಳೆಹಣ್ಣು ಸುಲಿದ. ಅಮೆರಿಕದ ಮಾತು ಎಲ್ಲಿ ಹೋಯಿತೋ, "ನಮ್ಮವ್ವ ಇನ್ನೂ ಕುಳ್ಳಿ ಕಣವ್ವ," ಅಂದ. ಹಣ್ಣು ಮುಗಿಸಿ ಮುಂದೆ ಬಾಗಿದ. "ಮಾರಾಟ ನೋಡ್ಕಳಕ್ಕೆ ಹೊಸಬನ್ನ ತಗಾಬೇಕು. ಕನಕಪುರದ ಕಡೆಯೋನು. ಬರ್ಕಂಡಿರದೆಲ್ಲ ಚೆನ್ನಾಗೈತೆ. ಅವರೂರಲ್ಲಿ ಒಸಿ ವಿಚಾರ್ಸಿ ಬತ್ತೀಯಾ?"

ರಮ್ಯಾಳ ಕೆಲಸ ಉಳಿಯಿತು. ನನಗೂ ಒಂದು ಬಂತು.

ಮಾರನೆಯ ಬೆಳಿಗ್ಗೆ ಮೊದಲ ಬಸ್ಸಿಗೇ ಹೋಗಿ ಆ ಹೊಸಬನ ಊರಿನ ಟೀ ಅಂಗಡಿ ಮುಂದೆ ಕೂತೆ. ನಾನು ಬಾಯಿ ತೆರೆಯುವ ಮೊದಲೇ ಅಂಗಡಿಯ ಮುದುಕಿ ನನ್ನನ್ನು ಮೇಲಿಂದ ಕೆಳಗೆ ಅಳೆದಳು.

"ಯಾವೂರವ್ವ? ಯಾರ್ ಮನೆಯೋಳು? ಏನ್ ಮಾಡ್ಕಂಡಿದ್ದೀಯ?"

ಕೂಟಗಲ್ಲು ಅನ್ನಬೇಕಿತ್ತು. ಓದಿದ್ದು ಮೂರನೇ ಕ್ಲಾಸು, ಜಗಳಗಂಟಿ ಅನ್ನಬೇಕಿತ್ತು. ಸೆರಗು ಸರಿಮಾಡಿಕೊಂಡೆ, ಕೈಕಟ್ಟಿದೆ, ಆ ಪುಟದವರ ಹಾಗೇ ನಕ್ಕೆ.

"ನ್ಯಾನೋದಲ್ಲಿದ್ದೀನಿ," ಅಂದೆ.