ಹೋಲ್ಡಾನ್ ಎಂದ ಮೇಲೆ ಉಸಿರು ಬಿಡುವಂತಿಲ್ಲ

ನಮ್ಮ ಸೋದರಮಾವನಿಂದ ನನ್ನ ನೋವು ಕಡಿಮೆಯಾಯಿತೆಂದು ಯಾರಾದರೂ ಹೇಳಿದರೆ ನಂಬಬೇಡಿ. ಅವರ ಕಾಟ ತಾಳಲಾರದೆ ನೋವೇ ಬೇಸತ್ತು ಎದ್ದುಹೋಯಿತು!

ರಾಣೆಬೆನ್ನೂರಿನ ಆಸ್ಪತ್ರೆಯಲ್ಲಿ ನನಗೆ ಹರ್ನಿಯಾ ಆಪರೇಷನ್ ಆಗಿತ್ತು. ಮರುದಿನ ಡಾಕ್ಟರು ಹೇಳಿದರು: “ಗುಳಿಗಿ ಒಂದ ಸಾಲಂಗಿಲ್ರಿ. ಆಳವಾಗಿ ಉಸಿರಾಡ್ರಿ, ಕೆಮ್ಮೂವಾಗ ಹೊಟ್ಟಿಗೆ ದಿಂಬು ಒತ್ತಿ ಹಿಡೀರಿ, ಎದ್ದು ಅಡ್ಡಾಡ್ರಿ. ಮನಸು ಬ್ಯಾರೆ ಕಡೆ ಇದ್ರ ನೋವು ಕಡಿಮಿ ಅನಸ್ತೈತಿ. ಅಡ್ಡಾಡೋತನಕಾ ಮನಿಗೆ ಕಳಸಂಗಿಲ್ಲ ನೋಡ್ರಿ.” ನಾನೋ, ಹೊಲಿಗೆ ಬಿಚ್ಚಿಬಿಟ್ಟರೆ ಗತಿಯೇನೆಂದು ಹೆದರಿ ಮಗ್ಗುಲು ಸಹ ಬದಲಿಸದೆ ಬಿದ್ದುಕೊಂಡಿದ್ದೆ. ಡಾಕ್ಟರ ಮಾತನ್ನು ಮನಸ್ಸಿಗೆ ಹಚ್ಚಿಕೊಂಡವರು ಮಾವ. ಹಾವೇರಿ ಬಸ್ಸಿನಲ್ಲಿ ಕಂಡಕ್ಟರಾಗಿದ್ದು ನಿವೃತ್ತರಾದವರು. ನಿವೃತ್ತರಾದದ್ದು ಅವರಿಗಿನ್ನೂ ಗೊತ್ತಾಗಿಲ್ಲ, ಅಷ್ಟೇ!

ಮೊದಲು ಉಸಿರಾಟ. “ಎಳಕೋ... ಹೋಲ್ಡಾನ್! ... ರೈಟ್!” ಹೋಲ್ಡಾನ್ ಎಂದರೆ ಉಸಿರು ಹಿಡಿಯಬೇಕು, ರೈಟ್ ಎಂದರೆ ಬಿಡಬೇಕು. ಒಮ್ಮೆ ಹೋಲ್ಡಾನ್ ಎನ್ನುವಷ್ಟರಲ್ಲಿ ಬ್ಯಾಡಗಿಯ ಪರಿಚಯದವರೊಬ್ಬರು ಬಾಳೆಹಣ್ಣು ಹಿಡಿದು ನನ್ನನ್ನು ನೋಡಲು ಬಂದರು. ಮಾವ ಅವರೊಡನೆ ಮೆಣಸಿನಕಾಯಿ ದರ, ಮಗಳ ಬಾಣಂತನ ಎಲ್ಲ ವಿಚಾರಿಸತೊಡಗಿದರು. ಇತ್ತ ನನ್ನ ಮುಖವೇ ಮೆಣಸಿನಕಾಯಿ! ನರ್ಸಮ್ಮ ಓಡಿಬಂದು, “ಉಸಿರು ಬಿಡ್ರೀ!” ಎಂದು ಕೂಗಿದಳು. ಬಿಟ್ಟೆ. ಮಾವನಿಗೆ ಸಿಟ್ಟು.

“ನಾ ರೈಟ್ ಅನ್ನೂಕಿಂತ ಮೊದ್ಲ ಯಾಕ ಬಿಟ್ಟಿ?”

ನಗು ಬಂತು. ನಕ್ಕರೆ ಹೊಲಿಗೆ ಎಳೆಯುತ್ತದೆ! ದಿಂಬು ಒತ್ತಿಕೊಂಡು ನಕ್ಕೆ, ನಗಿಸಿದವರನ್ನು ಮನಸ್ಸಿನಲ್ಲೇ ಬೈದೆ.

ಆಮೇಲೆ ನಡಿಗೆ. ಇಡೀ ವಾರ್ಡು ಅವರ ಹಳೆಯ ರೂಟಾಯಿತು. ನನ್ನ ಮಂಚ ರಾಣೆಬೆನ್ನೂರು, ನರ್ಸಮ್ಮನ ಮೇಜು ಕದರಮಂಡಲಗಿ, ಕಿಟಕಿ ಬ್ಯಾಡಗಿ, ನೀರಿನ ಡ್ರಮ್ಮು ಮೋಟೆಬೆನ್ನೂರು, ಕೊನೆಯ ಬಾಗಿಲು ಹಾವೇರಿ.

“ಮಾವಾ, ನನ್ನ ಕೈಲೆ ಆಗಂಗಿಲ್ರಿ.”

“ಕದರಮಂಡಲಗಿ ಇಲ್ಲೇ ಐತಿ. ಗುಡ್ಯಾಗ ಹಣಮಪ್ಪಗ ಕೈ ಮುಗದು ಬರೂಣು, ಏಳು!”

ಮೇಜಿನ ಮುಂದೆ ಖರೇನೇ ನನ್ನಿಂದ ಕೈ ಮುಗಿಸಿದರು. ಅತ್ತ ಕಡೆ ಕುಳಿತಿದ್ದ ನರ್ಸಮ್ಮ ಗಾಬರಿಯಾಗಿ ಎದ್ದು ನಿಂತಳು.

ಮೂರನೆಯ ದಿನ ಪಕ್ಕದ ಮಂಚದ ಅಪೆಂಡಿಕ್ಸಿನವರು, “ನನ್ನೂ ಬ್ಯಾಡಗಿತನಕಾ ಕರಕೊಂಡು ಹೋಗ್ರಿ” ಎಂದರು. ಇನ್ನಿಬ್ಬರು ಎದ್ದರು. ಹೊಟ್ಟೆಗೆ ದಿಂಬು ಅವುಚಿಕೊಂಡ ನಾಲ್ವರ ಸಾಲು! “ಮುಂದ ನಡೀರಿ, ಮುಂದ ನಡೀರಿ, ಹಿಂದ ಮಂದಿ ಅದಾರ!” ಎಂಥ ನಾಚಿಕೆಗೇಡು! ಆ ಸಿಟ್ಟಿನಲ್ಲಿ ಮೋಟೆಬೆನ್ನೂರು ದಾಟಿದ್ದೇ ನನಗೆ ಗೊತ್ತಾಗಲಿಲ್ಲ.

ನಾಲ್ಕನೆಯ ದಿನ ಹಾವೇರಿ ಮುಟ್ಟಿದೆ. ಹೊಲಿಗೆ ಬಿಚ್ಚಲಿಲ್ಲ. ಬಾಗಿಲಲ್ಲೇ ಎದುರಾದ ಡಾಕ್ಟರು, “ನಾಳೆ ಮನಿಗೆ ಹೋಗ್ರಿ” ಎಂದರು. ಸಂತೋಷದಿಂದ ತಿರುಗಿದರೆ ಮಾವ ಹಿಂದಿಲ್ಲ. ಕಿಟಕಿಯ ಬಳಿಯ ಬೆಂಚಿನ ಮೇಲೆ ಕುಳಿತು, ಪ್ಯಾಂಟು ಮೇಲೆಳೆದು, ಬಾತುಹೋದ ಮೊಣಕಾಲು ಒತ್ತಿಕೊಳ್ಳುತ್ತಿದ್ದರು. ಆ ಕಾಲಿನಲ್ಲೇ ನನ್ನೊಂದಿಗೆ ಇಷ್ಟೂ ದಿನ ನಡೆದಿದ್ದರು.

“ಯಾವಾಗಿಂದ ಹಿಂಗ ಆಗೇತ್ರಿ ಮಾವಾ?”

“ವರ್ಷ ಆತು. ಆಪರೇಷನ್ ಮಾಡಸ್ರಿ ಅಂದಾರ.” ಅವರು ನನ್ನ ಮುಖ ನೋಡಲಿಲ್ಲ. “ನಂಗ ಅಂಜಿಕಿ ಬರತೈತಲೇ. ನೀ ಎದ್ದು ಅಡ್ಡಾಡೂದು ನೋಡಬೇಕಿತ್ತು.”

ಹೊಟ್ಟೆ ಹಿಡಿದುಕೊಂಡು ಪಕ್ಕದಲ್ಲಿ ಕುಳಿತೆ. ಇನ್ನೊಂದು ಕೈಯಿಂದ ಅವರ ಮೊಣಕಾಲು ಮೆಲ್ಲಗೆ ನೀವಿದೆ.

“ಇಲ್ಲಿ ನೋವ ಐತೇನ್ರಿ?”

“ಹೂಂ. ಭಾಳ ನೋವಪಾ” ಎಂದು ಮಾವ ನನ್ನ ಹೆಗಲಿಗೆ ತಲೆ ಆನಿಸಿದರು.