ಮಸ್ಕಿ ಪಾಲಿನ ನಕ್ಷತ್ರ

ಮಸ್ಕಿ ತಾಲ್ಲೂಕಿಗೆ ಹಂಚಿಕೆಯಾಗಿರುವ ನಕ್ಷತ್ರದ ಬೆಳಕಿನಲ್ಲಿ ಯಾವುದೇ ಇಳಿಕೆ ಕಂಡುಬಂದಿಲ್ಲ ಎಂದು ಈ ಮೂಲಕ ಸಾರ್ವಜನಿಕರ ಗಮನಕ್ಕೆ ತರಲಾಗಿದೆ.

ಜನಸಾಮಾನ್ಯರನ್ನು ಖಗೋಳ ವಿಜ್ಞಾನದಲ್ಲಿ ತೊಡಗಿಸುವ ಅಭಿಯಾನವೊಂದು ಈ ಭಾಗಕ್ಕೂ ಬಂದಿತ್ತು. ದೂರದ ವೀಕ್ಷಣಾಲಯವೊಂದು ತಾನು ತೆಗೆದ ನಿಜವಾದ ಚಿತ್ರಗಳನ್ನು ಕಳಿಸುತ್ತದೆ; ಜನ ಅವನ್ನು ಕಂಪ್ಯೂಟರಿನಲ್ಲಿ ತೆರೆದು, ನಕ್ಷತ್ರದ ಬೆಳಕನ್ನು ತಾವೇ ಅಳೆದು ತಾಲ್ಲೂಕು ಸಮಿತಿಯ ಮೂಲಕ ವರದಿ ಮಾಡಬೇಕು. ಸಿಂಧನೂರು, ಲಿಂಗಸುಗೂರು, ಮಸ್ಕಿಗೆ ತಲಾ ಒಂದು ನಕ್ಷತ್ರ ಮಂಜೂರಾಯಿತು.

ಮಸ್ಕಿಯ ಅಭಿಯಾನ ಸಮಿತಿಗೆ ಆದೆಪ್ಪನವರು ಕಾರ್ಯದರ್ಶಿಯಾದರು. ಅಳತೆಯಲ್ಲಿ ಅವರಿಗೆ ಅಪಾರ ಅನುಭವ. ನೀರಾವರಿ ಇಲಾಖೆಯ ಸೇವೆಯುದ್ದಕ್ಕೂ ಕಾಲುವೆ ನೀರಿನ ಮಟ್ಟದ ಗೇಜ್ ಬರೆದವರು. ಚಹಾದಂಗಡಿಯಲ್ಲಿ ಕೂತು, ಮೇಲಿನಿಂದ ಎಷ್ಟು ಬಿಡಲು ಆದೇಶವಾಗಿದೆಯೋ ಅಷ್ಟನ್ನು ಬರೆಯುತ್ತಿದ್ದರು. ಕಾಲುವೆಯ ಕಡೆ ತಲೆ ಹಾಕಿ ಮಲಗಿದವರೂ ಅಲ್ಲ. ಇಂಥವರ ಕೈಗೆ ಆಕಾಶ ಕೊಟ್ಟವರ ಜಾಣತನಕ್ಕೆ ಏನು ಹೇಳಬೇಕು!

ಪಾಮನಕಲ್ಲೂರಿನ ಅತಿಥಿ ಶಿಕ್ಷಕಿ ಮಮತಾ ಮಾತ್ರ ಒಂದು ತಪ್ಪು ಮಾಡಿದಳು. ಚಿತ್ರಗಳನ್ನು ತೆರೆದು ನಿಜಕ್ಕೂ ಅಳೆದಳು. ಬೆಳಕು ತುಸು ಇಳಿದು, ಮತ್ತೆ ಏರಿತ್ತು. ನಕ್ಷತ್ರದ ಮುಂದೆ ಯಾವುದೋ ಗ್ರಹ ಹಾದುಹೋಗಿರಬಹುದು, ಇದುವರೆಗೆ ಯಾರೂ ಕಾಣದ್ದು. ವರದಿ ಈ ವಾರವೇ ತಲುಪಿದರೆ ವೀಕ್ಷಣಾಲಯ ತನ್ನ ದೊಡ್ಡ ದೂರದರ್ಶಕವನ್ನು ಅತ್ತ ತಿರುಗಿಸುತ್ತಿತ್ತು. ಅವಳು ಊಟ ಬಿಟ್ಟು ಮಸ್ಕಿ ಬಸ್ಸು ಹತ್ತಿದಳು.

“ಸರ, ಬೆಳಕು ಇಳಿದೈತ್ರಿ.”

“ಎಷ್ಟು ಇರಬೇಕಿತ್ತವ್ವ?” ಎಂದರು ಆದೆಪ್ಪನವರು.

“ಇರಬೇಕಿತ್ತು ಅಂತ ಏನಿಲ್ರಿ. ಎಷ್ಟೈತಿ ಅಷ್ಟ ಬರಿಬೇಕ್ರಿ.”

“ಎಷ್ಟೈತಿ ಅಷ್ಟ ಬರದ್ರ ನಾಳೆ ತನಿಖಿ ಬರ್ತೈತಿ. ಮ್ಯಾಲಿಂದ ಪೂರ್ತಿ ಬಿಟ್ಟಾರ, ನಡುವ ಯಾರು ಎಳಕೊಂಡ್ರು? ಸಿಂಧನೂರಿನವರೇನು? ಜವಾಬು ನೀ ಕೊಡ್ತೀಯೇನು?”

“ಅದು ನೀರಲ್ರಿ ಸರ, ನಕ್ಷತ್ರ!”

“ಏನಾದ್ರೇನು? ಕೊನೀ ಭಾಗಕ್ಕ ಕಡಿಮಿ ಮುಟ್ಟೈತಿ ಅಂತ ನಾ ಜಲ್ಮದಾಗ ಬರದಿಲ್ಲ.”

“ಬೆಳಕು: ಪೂರ್ತಿ” ಎಂದು ವರದಿ ಹೋಯಿತು. ಜತೆಗೊಂದು ಸೂಚನೆಯೂ ಹೊರಬಿತ್ತು: “ಹಂಚಿಕೆಯಾದ ಬೆಳಕಿಗಿಂತ ಕಡಿಮೆ ಅಳೆಯುವ ನಾಗರಿಕರು, ಕೊರತೆ ಬಿದ್ದ ಬೆಳಕಿಗೆ ವೈಯಕ್ತಿಕವಾಗಿ ಹೊಣೆಗಾರರಾಗಿರುತ್ತಾರೆ.” ಲಿಂಗಸುಗೂರಿನವರು ಇದರ ಪ್ರತಿ ತರಿಸಿಕೊಂಡು ತಮ್ಮಲ್ಲೂ ಜಾರಿಗೆ ತಂದರು.

ವೀಕ್ಷಣಾಲಯ ಉತ್ತರ ಬರೆಯಿತು: ಬದಲಾವಣೆ ಇಲ್ಲದ್ದರಿಂದ ದೊಡ್ಡ ದೂರದರ್ಶಕವನ್ನು ಬೇರೆಡೆಗೆ ತಿರುಗಿಸಲಾಗಿದೆ. ಅದನ್ನೇ ಮೆಚ್ಚುಗೆ ಪತ್ರವೆಂದು ಭಾವಿಸಿ ಸಮಿತಿ ಆದೆಪ್ಪನವರಿಗೆ ಶಾಲು ಹೊದಿಸಿತು. ಚಪ್ಪಾಳೆಗೂ ಕೊರತೆಯಾಗಲಿಲ್ಲ.

ಮಮತಾ ಸಿಟ್ಟು ತಾಳದೆ ಅತ್ತಳು. ತಂದೆ ದ್ಯಾವಪ್ಪ ಸಮಾಧಾನ ಹೇಳಿದ: “ನಮ್ಮ ಹೊಲಕ್ಕ ನೀರು ಬಂದಾವಂತ ಅವರು ಮೊದ್ಲಿಂದ ಬರಕೊಂತ ಬಂದಾರ. ನಾವು ಎಂದರ ಇಲ್ಲ ಅಂದೀವೇನು? ಬೋರ್ ಹಾಕಿಸ್ಕೊಂಡೀವಿ. ನಿನ್ನ ನಕ್ಷತ್ರಾನೂ ಏನರ ಒಂದು ದಾರಿ ನೋಡ್ಕೊಂತೈತಿ ಬಿಡು.”

ಎಂದಿನ ಸಣ್ಣ ದೂರದರ್ಶಕದಿಂದ ಮುಂದಿನ ಚಿತ್ರಗಳು ಬಂದವು. ಬೆಳಕು ಮತ್ತೆ ಇಳಿದಿತ್ತು, ಮೊದಲಿನಷ್ಟೇ. ಮಮತಾ ಇನ್ನೊಮ್ಮೆ ಅಳೆದು ನೋಡಿದಳು. ಬಳಿಕ ಆದೆಪ್ಪನವರಿಗೆ ಫೋನ್ ಮಾಡಿದಳು.

“ಸರ, ಈ ಸಲ ಎಷ್ಟು ಬರೀಲ್ರಿ?”

“ಪೂರ್ತಿ.”

ಬರೆದಳು. ಈಗ ತಾಲ್ಲೂಕಿನ ಹೊಸಬರಿಗೆ ನಕ್ಷತ್ರ ಅಳೆಯುವುದನ್ನು ಕಲಿಸುವವಳು ಅವಳೇ.